ಕುಡಿಯದ ಮಾವನ ಲಿವರ್ರು

ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟದೆ ಕುಡುಕ ಅನ್ನಿಸಿಕೊಂಡ ಗಂಡಸು ಇಡೀ ಗುಬ್ಬಿಯಲ್ಲಿ ಒಬ್ಬರೇ ಇದ್ದರು. ಅವರು ನಮ್ಮ ಸೋದರಮಾವ! ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಪೂಜೆಯಾಗದೆ ಕಾಫಿಯನ್ನೂ ಮುಟ್ಟದ ಮನುಷ್ಯ. ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತರೆಂದರೆ ಗಾದಿ ಎಲ್ಲಿ ಮುಗಿಯಿತು, ಮಾವ ಎಲ್ಲಿ ಶುರುವಾದರು ಎಂದು ಗಿರಾಕಿಗಳು ಹುಡುಕಬೇಕಿತ್ತು.

ಮೂಳೆಯ ವಿಚಾರದಲ್ಲಿ ಮಾವನದು ಸ್ವಂತ ಸಿದ್ಧಾಂತ. ನಡೆದಷ್ಟೂ ಮೂಳೆ ಸವೆಯುತ್ತದೆ, ಚಪ್ಪಲಿಯ ಅಟ್ಟೆಯ ಹಾಗೆ! ಅದಕ್ಕೇ ಅಂಗಡಿಯಿಂದ ಕೂಗಳತೆಯ ದೂರದ ಮನೆಗೂ ಜಟಕಾ. ಬಿಸಿಲು ತಾಗಿದರೆ ಮೂಳೆಯೊಳಗಿನ ಜಿಡ್ಡು ಒಣಗುತ್ತದೆ, ಅದಕ್ಕೆ ಮಳೆಯಿರಲಿ ಇಲ್ಲದಿರಲಿ ಕರಿ ಕೊಡೆ. ಆ ಜಿಡ್ಡು ತುಂಬಿಕೊಳ್ಳಲು ತುಪ್ಪ. ಮದುವೆ ಪಂಕ್ತಿಯಲ್ಲಿ ಬಡಿಸುವವರು ತುಪ್ಪದ ಗಿಂಡಿ ಬಗ್ಗಿಸೀ ಬಗ್ಗಿಸೀ ಕೈಸೋತು, "ಸಾಕಾ ಸ್ವಾಮಿ?" ಅಂದರೆ, "ನಿಮ್ಗೆ ಸಾಕಾಗಿದ್ರೆ ಕೂತ್ಕಳಿ, ನಮ್ಗೇನ್ ಅವಸ್ರ ಇಲ್ಲ" ಅನ್ನುತ್ತಿದ್ದರು. ಹಾಗಲವಾಡಿ ಕಡೆಯ ಒಂದು ಮದುವೆಯಲ್ಲಿ ಮಾವ ಜಟಕಾದಿಂದ ಇಳಿದದ್ದನ್ನು ಕಂಡೇ ಅಡುಗೆಯವರು ಹೋಳಿಗೆಗೆ ಇನ್ನೊಂದು ಸಲ ಬೇಳೆ ಬೇಯಲು ಇಟ್ಟರಂತೆ.

ಇಷ್ಟು ಜೋಪಾನ ಮಾಡಿದ ಮೂಳೆ ಎಂಬತ್ತರ ದಶಕದ ಒಂದು ಬೆಳಿಗ್ಗೆ ಮುರಿಯಿತು! ಎಲ್ಲಿಂದ ಬಿದ್ದರು? ಹುತ್ರಿದುರ್ಗದ ಬೆಟ್ಟದಿಂದಲೇ? ಮನೆಯ ಹೊಸಿಲು ಎಡವಿ ಕೈಯೂರಿದರು, ಅಷ್ಟೇ. ಮಣಿಕಟ್ಟು ಲಟಕ್ಕೆಂದಿತು. ತುಮಕೂರಿನ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಅವರು ಎಕ್ಸ್‌ರೇ ನೋಡಿ ಹುಬ್ಬು ಗಂಟಿಕ್ಕಿದರು, ಹೊಟ್ಟೆ ಒತ್ತಿದರು, ಬೆಂಗಳೂರಿಗೆ ಕಳಿಸಿ ಸ್ಕ್ಯಾನನ್ನೂ ಮಾಡಿಸಿದರು. ಕೊನೆಗೆ ಕೇಳಿದರು: "ಲಿವರ್ ತುಂಬ ಕೊಬ್ಬು ತುಂಬಿದೆ. ಎಷ್ಟು ಕುಡೀತೀರಿ?"

"ಶಿವ ಶಿವಾ!" ಮಾವ ಒಳ್ಳೆಯ ಕೈಯಲ್ಲಿ ಕರಡಿಗೆ ಹಿಡಿದುಕೊಂಡರು. ಕಣ್ಣಲ್ಲಿ ನೀರೇ ಬಂತು.

ಪುಣ್ಯಕ್ಕೆ ಡಾಕ್ಟರು ನಂಬಿದರು. "ಕುಡೀದಿದ್ರೂ ಬರುತ್ತೆ. ತುಪ್ಪ, ಸಿಹಿ, ಕೂತಲ್ಲೇ ಕೂರೋದು, ಸಾಲ್ದಾ? ಬಿಸಿಲು ಬಿದ್ರೆ ಮೈಯಲ್ಲಿ ಒಂದು ಸತ್ವ ಹುಟ್ಟುತ್ತೆ. ಅದನ್ನ ಮೂಳೆಗೆ ಒಗ್ಗೋ ಹಾಗೆ ಹದ ಮಾಡೋದ್ರಲ್ಲಿ ಲಿವರ್ ಪಾಲೂ ಇದೆ. ನೀವು ಬಿಸಿಲಿಗೆ ಹೋಗಲ್ಲ, ನಡೆಯಲ್ಲ, ಲಿವರ್ರೂ ಕೆಡಿಸ್ಕೊಂಡಿದೀರಿ. ಪಾಪ, ಮೂಳೆ ಏನ್ ಮಾಡ್ಬೇಕು? ಕೊಡೆ ಮಡಿಸಿಟ್ಟು ದಿನಾ ನಡೀರಿ."

ಡಾಕ್ಟರು ನಂಬಿದರೆ ಆಯಿತೇ? ಗುಬ್ಬಿ ನಂಬಬೇಕಲ್ಲ! ಆಗ ನಮ್ಮ ಕಡೆ ಲಿವರ್ ಕೆಟ್ಟಿದೆ ಅಂದರೆ ಸಾರಾಯಿ ಅಂತಲೇ ಅರ್ಥ. ಜೊತೆಗೆ ಕೈಯೂ ಮುರಿದಿದೆ, ಅದೂ ಹೊಸಿಲು ದಾಟುವಾಗ! ಲಿವರ್ರಿಗೂ ಮೂಳೆಗೂ ಇರುವ ನಂಟನ್ನು ಡಾಕ್ಟರಿಗಿಂತ ಬೇಗ ಬಜಾರೇ ಕಂಡುಹಿಡಿಯಿತು. ಮಾವ ನಾಚಿಕೆಯಿಂದ ಹಿಡಿಯಾಗಿಬಿಟ್ಟರು. ಎದುರಂಗಡಿಯ ಟೈಲರ್ ಸಾಹೇಬರು ಪಾಪ, ಷರಟಿನ ಅಳತೆಗೆಂದು ಬಂದು "ಎಷ್ಟು ಬೇಕು?" ಅಂದರೆ ಮಾವ, "ನಾನು ಕುಡಿಯಲ್ಲ ಕಣ್ರೀ ಸಾಹೇಬ್ರೇ!" ಅಂದರು. "ಅರೆ ಸಾವ್ಕಾರ್ರೇ, ನಾನು ತೋಳಿನ ಉದ್ದ ಕೇಳಿದ್ದು" ಅಂದರು ಸಾಹೇಬರು. ನಮಗೂ ತಲೆ ಎತ್ತಿ ಓಡಾಡುವುದು ಕಷ್ಟವಾಯಿತು.

ಮಾವ ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಮಗಳು ದಿನಾ ಬೇಡುತ್ತಿದ್ದಳು, "ಅಪ್ಪಾ, ಕೆರೆ ಏರಿವರೆಗೆ ನಡ್ಕಂಡ್ ಬರೋಣ ಬಾ."

"ಕೈಗೆ ಪಟ್ಟಿ ಕಟ್ಕಂಡು ತೂರಾಡ್ಕಂಡು ಬಜಾರಲ್ಲಿ ಹೋಗ್ಲಾ? ಕುಣಿಗಲ್‌ವರೆಗೂ ಸುದ್ದಿ ಮುಟ್ಟುತ್ತೆ ಕಣೇ. ಕುಡುಕನ ಮಗಳನ್ನ ಯಾರು ತಂದ್ಕಂತಾರೆ?"

ಅವಳಿಗೆ ಕುಣಿಗಲ್‌ನಲ್ಲಿ ಗಂಡು ಗೊತ್ತಾಗಿತ್ತು, ನಿಶ್ಚಿತಾರ್ಥವೊಂದು ಬಾಕಿ. ಮಗಳ ಮದುವೆ ಮುರಿದೀತೆಂಬ ಭಯಕ್ಕೆ ಮಾವ ಕಿಟಕಿಯನ್ನೂ ಮುಚ್ಚಿಸಿದರು. ಕೊಡೆಯ ಅಂಚಿನಿಂದ ನುಸುಳುತ್ತಿದ್ದ ಚೂರುಪಾರು ಬಿಸಿಲೂ ತಪ್ಪಿತು.

ನಿಶ್ಚಿತಾರ್ಥಕ್ಕೆ ಕುಣಿಗಲ್‌ಗೆ ಹೋದೆವು. ಬೀಗರ ಪಂಕ್ತಿ ಎಂದರೆ ಗೊತ್ತಲ್ಲ, ಬಲವಂತ ಮಾಡದಿದ್ದರೆ ಉಣ್ಣುವವರಿಗೆ ಅವಮಾನ, ಬೇಡವೆಂದರೆ ಬಡಿಸುವವರಿಗೆ! ಗಂಡಿನ ಅಜ್ಜಿಯೇ ತುಪ್ಪದ ಗಿಂಡಿ ಹಿಡಿದು ಬಂದರು. "ನಿಮ್ ಹೆಸ್ರು ಇಲ್ಲಿಗಂಟ ಬಂದೈತೆ ಬೀಗ್ರೇ, ಎಲೆ ಮೇಲಿಂದ ಕೈ ತೆಗೀರಿ." ಮಾವ ಕೈ ತೆಗೆಯಲೂ ಇಲ್ಲ, ಬೇಡ ಅನ್ನಲೂ ಇಲ್ಲ. ಬೇಡ ಅಂದರೆ ಯಾಕೆ ಅನ್ನುತ್ತಾರೆ, ಯಾಕೆ ಅಂದರೆ ಲಿವರ್ ಅನ್ನಬೇಕು. ಬೆವರು ವಿಭೂತಿಯನ್ನು ತೊಳೆದುಕೊಂಡು ಇಳಿಯುತ್ತಿತ್ತು. ಕೊನೆಗೆ ಕೈ ಮೆಲ್ಲಗೆ ಪಕ್ಕಕ್ಕೆ ಸರಿಯಿತು.

"ಹಾಕ್ಬೇಡಿ ಅಜ್ಜಿ!" ಒಳಗಿನಿಂದ ಮದುವಣಗಿತ್ತಿಯೇ ಎದ್ದು ಬಂದಿದ್ದಳು. "ನಮ್ಮಪ್ಪಂಗೆ ಲಿವರ್ ಕಾಯಿಲೆ. ತುಪ್ಪ ಅವ್ರಿಗೆ ವಿಷ."

ಪಂಕ್ತಿಯವರೆಲ್ಲ ಮಾವನ ಕಡೆ ತಿರುಗಿದರು. ಮಾವ ತಲೆ ತಗ್ಗಿಸಿದರು. ಅಜ್ಜಿ ಅವರನ್ನೇ ನೋಡುತ್ತ ಕೇಳಿದರು, "ಕುಡೀತಾರೇನವ್ವಾ?"

"ಹೂಂ ಅಜ್ಜಿ. ಇಷ್ಟು ದಿನ ತುಪ್ಪ ಕುಡೀತಿದ್ರು!"

ಮೊದಲು ನಕ್ಕಿದ್ದು ಅಜ್ಜಿ. ಆಮೇಲೆ ಗಿಂಡಿಯನ್ನು ಒಳಗೆ ಕಳಿಸಿ ಮಾವನ ಎಲೆಗೆ ಮಜ್ಜಿಗೆ ತರಿಸಿದರು. ಸಂಬಂಧವೇನೂ ಮುರಿಯಲಿಲ್ಲ.

ಮದುವೆಯಾಗಿ ಮಗಳು ಗುಬ್ಬಿಯಿಂದ ಹೊರಟ ದಿನ ನಡುಮಧ್ಯಾಹ್ನದ ಬಿಸಿಲು. ಮಾವ ಕಾರಿನ ಕಿಟಕಿಯೊಳಗೆ ತಮ್ಮ ಕರಿ ಕೊಡೆ ತುರುಕಿದರು. "ತಗಳವ್ವಾ. ಇನ್ನು ನಂಗಿದು ಬೇಡ." ಕಾರು ಹೊರಟಿತು. ಮಾವ ಜಟಕಾ ಕರೆಯಲಿಲ್ಲ. ಬರಿ ತಲೆಯಲ್ಲಿ, ಅಳುತ್ತ, ಆ ಕಡೆ ಈ ಕಡೆ ವಾಲುತ್ತ, ಅದರ ಹಿಂದೆಯೇ ಬಜಾರಿನುದ್ದಕ್ಕೂ ನಡೆದರು.

ಟೀ ಅಂಗಡಿಯ ಮುಂದೆ ಯಾರೋ ಅಂದರು, "ನೋಡ್ಲಾ, ಮಗಳ್ನ ಕಳ್ಸೋ ದಿನಾನೂ ಹಾಕ್ಕಂಡವ್ನೆ!"

ಮಾವನಿಗೆ ಅದು ಕೇಳಿಸಿತು. ಆದರೆ ಅವರು ನಿಲ್ಲಲೂ ಇಲ್ಲ, ನಾನು ಕುಡಿಯಲ್ಲ ಅನ್ನಲೂ ಇಲ್ಲ. ಕಾರಿನ ಕಿಟಕಿಯಿಂದ ಮಗಳ ಕೈ ಇನ್ನೂ ಕಾಣುತ್ತಿತ್ತು, ಅದನ್ನು ನೋಡಿಕೊಂಡು ನಡೆಯುತ್ತಲೇ ಇದ್ದರು.