ಪ್ಯಾನೆಲ್ ತೊಳೆದ ನೀರು

ಸೋಲಾರ್ ಪ್ಲಾಂಟಿನಲ್ಲಿ ಕೆಲಸ ಮಾಡುವವನಿಗೆ ನಗೆ ಪ್ರಸಂಗಗಳಿಗೆ ಬರವಿಲ್ಲ. ನಗುವವರು ಮಾತ್ರ ಬೇರೆಯವರು. ಕಮಲಾಪುರದ ಹತ್ತಿರದ ಸಣ್ಣದೊಂದು ಪ್ಲಾಂಟಿಗೆ ನಾನು ಎಂಜಿನಿಯರ್.

೧. ಹೆಂಡತಿಯ ಪ್ರಶ್ನೆ

ಪ್ಲಾಂಟು ಹಗಲೂ ರಾತ್ರಿ ಪೂರ್ತಿ ಓಡಿದರೆ ಎಷ್ಟು ಕರೆಂಟು ಬರಬೇಕೋ, ಅದರಲ್ಲಿ ನಿಜಕ್ಕೂ ಬಂದ ಪಾಲಿಗೆ ಕೆಪಾಸಿಟಿ ಫ್ಯಾಕ್ಟರ್ ಎನ್ನುತ್ತಾರೆ. ನಮ್ಮದು ಐದರಲ್ಲಿ ಒಂದು ಪಾಲು. ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಾ ಹೆಂಡತಿಗೆ ವಿವರಿಸಿದೆ: "ರಾತ್ರಿ ಬರಂಗಿಲ್ಲ, ಮೋಡ ಇದ್ರ ಬರಂಗಿಲ್ಲ, ಧೂಳು ಕುಂತ್ರೂ ಬರಂಗಿಲ್ಲ."

"ಮನಿ ಕೆಲಸದಾಗ ನಿಮ್ಮ ಫ್ಯಾಕ್ಟರ್ ಎಷ್ಟದರೀ?" ಅಂದಳು.

ಆವತ್ತು ಕಪ್ಪು ನಾನೇ ತೊಳೆದಿಟ್ಟೆ.

೨. ಸಾಹುಕಾರರ ಅಪ್ಪಣೆ

ಪ್ಲಾಂಟಿನ ಮಾಲೀಕರು ನೆಹರು ಗಂಜ್ ಮಾರುಕಟ್ಟೆಯ ದಾಲ್ ಮಿಲ್ ಸಾಹುಕಾರರು. ಅವರಿಗೆ ವಿವರಿಸುವ ಗೋಜೇ ಇರಲಿಲ್ಲ.

"ಮಿಲ್ ನಿಂತ್ರೂ ಬಡ್ಡಿ ನಿಲ್ಲಂಗಿಲ್ಲ. ಓಡಿದಷ್ಟೂ ಕಿಲೋಕ್ಕ ಖರ್ಚು ಕಮ್ಮಿ ಬೀಳ್ತದ. ನಿನ್ನ ಕರೆಂಟೂ ಹಂಗೇ ಅಲ್ಲೇನು? ಎರಡು ವರ್ಷ ನೋಡ್ತೀನಿ. ಏರಲಿಲ್ಲಂದ್ರ ಮಾರಿಬಿಡ್ತೀನಿ. ತಗೊಂಡವರು ತಮ್ಮ ಮಂದೀನ ತರ್ತಾರ."

ಅಂದರೆ ನನ್ನ ನೌಕರಿ ಹೋಯಿತೆಂದೇ ಅರ್ಥ. "ಸೂರ್ಯ ನನ್ನ ಕೈಯಾಗಿಲ್ರಿ ಸಾಹುಕಾರ್ರ," ಎಂದೆ.

"ಮಿಲ್ಲಿನಾಗ ಮಾಲು ಉಳಿದ್ರ ಓವರ್‌ಟೈಮ್ ಮಾಡಸ್ತೀನಿ. ಅವನಿಗೂ ಹೇಳಿ ನೋಡು."

೩. ಚಾಚಾನ ಬಾಳೆ

ಓವರ್‌ಟೈಮ್ ಮಾಡಿದ್ದು ನಾನು. ತೊಗರಿ ರಾಶಿಯ ಧೂಳು ಕೂತ ಪ್ಯಾನೆಲ್‌ಗಳನ್ನು ಬೋರಿನ ನೀರಿನಲ್ಲಿ ವಾರವಾರವೂ ತೊಳೆಸಿದೆ. ಕರೆಂಟು ಏರಿತು, ನನಗೂ ನಿದ್ದೆ ಬಂತು. ಒಂದು ವರ್ಷ ಕಳೆದ ಮೇಲೆ ಇಳಿಯತೊಡಗಿತು. ಹೆದರಿ ಇನ್ನೂ ಹೆಚ್ಚು ತೊಳೆಸಿದೆ. ಇನ್ನೂ ಇಳಿಯಿತು.

ಕೊನೆಗೆ ಬೇಲಿಯವರೆಗೂ ನಡೆದು ನೋಡಿದೆ. ತೊಳೆದ ನೀರೆಲ್ಲ ಪಕ್ಕದ ಹೊಲಕ್ಕೆ ಹರಿದಿತ್ತು. ಆ ಹೊಲದ ಮುದಿ ರೈತ, ಎಲ್ಲರ ಬಾಯಲ್ಲೂ ಚಾಚಾ, ಬೇಲಿಯುದ್ದಕ್ಕೂ ಕೆಂಪು ಬಾಳೆ ಹಚ್ಚಿದ್ದರು. ನಾನು ತೊಳೆಸಿದಷ್ಟೂ ಅವು ಬೆಳೆದು ನಮ್ಮ ಪ್ಯಾನೆಲ್‌ಗಳಿಗೆ ನೆರಳು ಹಾಸಿದ್ದವು. ಒಂದಕ್ಕೆ ನೆರಳು ಬಿದ್ದರೆ ಸಾಲೆಲ್ಲ ಮಂಕು.

"ಕಡೀರಿ ಚಾಚಾ," ಎಂದು ಬೇಡಿಕೊಂಡೆ.

"ಗೊನಿ ಬಿಟ್ಟಾವಪಾ, ಬಸುರಿ ಇದ್ದಂಗ. ಹಣ್ಣಾಗ್ಲಿ ತಡಿ."

ಹಣ್ಣಾಗುವಷ್ಟರಲ್ಲಿ ಸಾಹುಕಾರರ ಗಡುವು ಮುಗಿದು ಪ್ಲಾಂಟು ಮಾರಾಟವಾಯಿತು. ಕೊನೆಯ ದಿನ ಕೀಲಿ ಒಪ್ಪಿಸಿ ಹೊರಬಂದಾಗ ಅಳುವೊಂದೇ ಬಾಕಿ. ಗೇಟಿನಲ್ಲಿ ಚಾಚಾ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ನಿಂತಿದ್ದರು. ಅವರ ಕಣ್ಣು ತುಂಬಿದ್ದವು. ನನಗಾಗಿ ಮರುಗುವವರು ಒಬ್ಬರಾದರೂ ಇದ್ದಾರಲ್ಲ ಎಂದುಕೊಂಡು ಹತ್ತಿರ ಹೋದೆ.

ಚಾಚಾ ನನ್ನ ಕೈ ಹಿಡಿದರು. "ಬೇಟಾ, ಹೊಸಬರಿಗೆ ಒಂದು ಮಾತು ಹೇಳಿ ಹೋಗು."

"ಏನು ಚಾಚಾ?"

"ವಾರವಾರ ತೊಳೀರಿ ಅಂತ."