ಪಾಲ್ಗುಣಪ್ಪನವರ ಪರಿಚಯ ಭಾಷಣ

ವಿರೂಪಾಕ್ಷಿಪುರದ ಬಾಲರಾಜು ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದ್ದೇ ತಪ್ಪಾಯಿತು. ಇಂಗ್ಲಿಷ್ ಓದಿದ್ದರೆ ಅವತ್ತಿನ ಫಜೀತಿ ಇರುತ್ತಿರಲಿಲ್ಲ. ಏನೂ ಓದದೆ ದನ ಕಾಯ್ದುಕೊಂಡಿದ್ದರೂ ಇರುತ್ತಿರಲಿಲ್ಲ.

ರಾಮನಗರ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಬಿಡದಿ ಸುತ್ತಮುತ್ತಲಿನ ರಾಗಿ ಹೊಲಗಳಲ್ಲಿ ಗುಡುಗಿಗೆ ಅಣಬೆ ಎದ್ದ ಹಾಗೆ ಕಾರ್ಖಾನೆಗಳು ಏಳುತ್ತಿದ್ದವು. ಅದರಲ್ಲಿ ಮೊದಮೊದಲು ಎದ್ದದ್ದೊಂದು, ಕಾರಿನ ಬಾಗಿಲಿಗೆ ರಬ್ಬರ್ ಪಟ್ಟಿ ಮಾಡುವ ಜರ್ಮನ್ ಕಂಪನಿ. ಬಾಲರಾಜು ಅಲ್ಲಿ ಸ್ಟೋರ್ ಗುಮಾಸ್ತ. ಮೂರು ವರ್ಷದಿಂದ ಟೆಂಪರರಿ. ಅವನವ್ವ ಯಾರ ಮನೆಗೆ ಹೆಣ್ಣು ಕೇಳಲು ಹೋದರೂ "ನಮ್ ಬಾಲ್ರಾಜ ಜರ್ಮನಿ ಕಂಪ್ನೀಲಿ ಅವ್ನೆ" ಎಂದು ಶುರು ಮಾಡುತ್ತಿದ್ದಳು. ಅವರು "ಪರ್ಮನೆಂಟಾ?" ಎನ್ನುತ್ತಿದ್ದರು. ಅಲ್ಲಿಗೆ ಕಾಫಿ ಕುಡಿದು ಎದ್ದು ಬರುವುದೊಂದೇ ಬಾಕಿ.

ಆ ಶುಕ್ರವಾರ ಬೆಳಿಗ್ಗೆ ಕಂಪನಿ ಬಸ್ಸಿನಿಂದ ಇಳಿಯುತ್ತಿದ್ದಂತೆ, ನೌಕರರ ವಿಭಾಗದ ದಿವ್ಯ ಮೇಡಂ ಗೇಟಿನಲ್ಲೇ ಅವನನ್ನು ಹಿಡಿದರು.

"ಬಾಲರಾಜು, ರಾಜ್ಯೋತ್ಸವಕ್ಕೆ ಪದ್ಯ ಬರೆದಿದ್ದು ನೀವೇ ಅಲ್ವಾ?"

"ಹೂಂ ಮೇಡಂ. ಒಸಿ ಉದ್ದ ಆಯ್ತು ಅಂತ ಎಲ್ರೂ ಬೈದ್ರು."

"ಪರವಾಗಿಲ್ಲ. ಮಧ್ಯಾಹ್ನ ಮೂರಕ್ಕೆ ಜರ್ಮನಿಯಿಂದ ಡೀಟ್ಮಾರ್ ಫೋಲ್ಗೆನ್ ಅಂತ ಅತಿಥಿ ಬರ್ತಿದ್ದಾರೆ. ಮೂವತ್ತು ವರ್ಷ ಫುಟ್‌ಬಾಲ್ ಕ್ಲಬ್‌ಗಳಲ್ಲಿ ಇದ್ದವರು. ಈಗ ನಮ್ಮ ಹೆಡ್ ಆಫೀಸಿನ ಪರವಾಗಿ ಎಲ್ಲ ಕಾರ್ಖಾನೆಗೂ ಹೋಗಿ ಹುರಿದುಂಬಿಸ್ತಾರೆ. ಅವರ ಬಗ್ಗೆ ಕನ್ನಡದಲ್ಲಿ ನೀವು ಐದು ನಿಮಿಷ ಮಾತಾಡಬೇಕು. ಕೆಲಸಗಾರರಿಗೆ ಸ್ಫೂರ್ತಿ ಬರಬೇಕು, ಅಷ್ಟೆ." ಒಂದು ಇಂಗ್ಲಿಷ್ ಹಾಳೆ ಅವನ ಕೈಗಿಟ್ಟು, ದನಿ ತಗ್ಗಿಸಿದರು. "ಚೆನ್ನಾಗಿ ಆದ್ರೆ ನಿಮ್ಮ ಪರ್ಮನೆಂಟ್ ಪತ್ರ ಸಾಯಂಕಾಲವೇ ಎಂ.ಡಿ. ಟೇಬಲ್ ಮೇಲೆ ಇರುತ್ತೆ."

ಬಾಲರಾಜುವಿಗೆ ಹಾಳೆ ಲಗ್ನಪತ್ರಿಕೆಯ ಹಾಗೆ ಕಂಡಿತು. ಕ್ಯಾಂಟೀನಿನ ಮೂಲೆಯಲ್ಲಿ ಕೂತು ಓದತೊಡಗಿದ. ಕಬಡ್ಡಿ ಗೊತ್ತು, ಕ್ರಿಕೆಟ್ ಗೊತ್ತು. ಈ ಕಾಲ್ಚೆಂಡಿನ ಲೋಕ ಮಾತ್ರ ಅವನ ಪಾಲಿಗೆ ಕತ್ತಲೆ ಕೋಣೆ. ಡಿಫೆಂಡರ್, ಫುಲ್ ಬ್ಯಾಕ್, ಸ್ವೀಪರ್, ಕ್ಲೀನ್ ಶೀಟ್... ಪೆನ್ಸಿಲು ಕಚ್ಚುತ್ತಾ ಕೂತವನ ಎದುರಿಗೆ ಫೋರ್ಕ್‌ಲಿಫ್ಟ್ ಓಡಿಸುವ ಗಫಾರ್ ಬಂದು ಕುಕ್ಕರಿಸಿದ. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಿದ್ದವನು ಕಾರ್ಖಾನೆ ಸೇರಿದ್ದ. ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಯಾವತ್ತೂ ಹೊರಟಿರಲಿಲ್ಲ.

"ಏನ್ಲಾ ಅದು, ಕೋರ್ಟ್ ನೋಟೀಸಾ?"

"ಜರ್ಮನಿಯೋರ ಜೀವನ ಚರಿತ್ರೆ ಕಣ್ಲಾ. ಡಿಫೆಂಡರ್ ಅಂದ್ರೆ ಏನ್ಲಾ?"

"ಕಾಯೋನು."

"ಏನು ಕಾಯೋನು?"

"ಕ್ಲಬ್ಬಲ್ಲಿ ಇನ್ನೇನ್ ಕಾಯ್ತಾನೆ, ಗೇಟು. ವಾಚ್‌ಮನ್ ಆಗಿದ್ದ ಅಂತ ಬರ್ಕೊ."

ಬಾಲರಾಜು ಬರೆದುಕೊಂಡ. "ಆಮೇಲೆ ಫುಲ್ ಬ್ಯಾಕ್ ಅಂತ ಐತೆ."

ಈಗ ಅಡುಗೆಯ ಕೆಂಪಯ್ಯ ಸೌಟು ಹಿಡಿದುಕೊಂಡೇ ಬಂದು ಸೇರಿಕೊಂಡ. "ಬ್ಯಾಕು ಅಂದ್ರೆ ಬೆನ್ನಲ್ವಾ? ನಿಂತೂ ನಿಂತೂ ಬೆನ್ನು ಪೂರ್ತಿ ಹೋಗ್ಬುಟ್ಟೈತೆ, ಪಾಪ. ಮುಂದೇನೈತೆ?"

"ಒಂಬತ್ತು ವರ್ಷ ಸ್ವೀಪರ್ ಆಗಿದ್ರು ಅಂತ ಐತೆ, ಕೆಂಪಣ್ಣ."

ಮೂವರೂ ಮುಖ ಮುಖ ನೋಡಿಕೊಂಡರು. ಆ ಮಾತಿಗೆ ಅರ್ಥ ಹೇಳಲು ಯಾರೂ ಬೇಕಿರಲಿಲ್ಲ. ಕಾರ್ಖಾನೆಯಲ್ಲಿ ಹದಿನೆಂಟು ಜನ ಸ್ವೀಪರ್‌ಗಳಿದ್ದರು. ಅಕ್ಕೂರಿನ ಚಿಕ್ಕಲಕ್ಷ್ಮಮ್ಮ ಅವರ ಮುಂದಾಳು.

"ಬೆನ್ನು ಹೋದೋನು ಬಗ್ಗಿ ಗುಡಿಸ್ತಾನಾ?" ಬಾಲರಾಜುವಿಗೆ ಒಂದು ಸಣ್ಣ ಅನುಮಾನ ಬಂದಿತ್ತು.

"ಅಲ್ಲಿ ಉದ್ದನೆ ಕೋಲಿನ ಪರಕೆ ಇರ್ತದೆ ಕಣ್ಲಾ, ಟಿ.ವೀಲಿ ನೋಡಿಲ್ವಾ?" ಎಂದು ಗಫಾರ್ ಆ ಅನುಮಾನವನ್ನೂ ಗುಡಿಸಿ ಹಾಕಿದ.

ಮುಂದಿನದೆಲ್ಲ ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ಸಲೀಸಾಯಿತು. ಹದಿನೇಳು ಸಲ ಕ್ಲೀನ್ ಶೀಟ್ ಎಂದರೆ ಶೆಡ್ಡಿನ ಮೇಲಿನ ಶೀಟು ಹತ್ತಿ ಚೊಕ್ಕ ಮಾಡಿದ್ದು. ಎರಡು ಸಲ ಸೆಂಟ್ ಆಫ್ ಎಂದರೆ ಬೀಳ್ಕೊಡುಗೆ ಸಮಾರಂಭ. ಫೈನಲ್ಲಿನಲ್ಲಿ ಓನ್ ಗೋಲ್ ಎಂದರೆ ಕೊನೆಗೂ ತನ್ನ ಸ್ವಂತ ಗುರಿಯನ್ನು ಮುಟ್ಟಿದ್ದು. ಆಮೇಲೆ ಮೂರು ಕ್ಲಬ್‌ಗಳಿಗೆ ಮ್ಯಾನೇಜರ್. ಅದರಲ್ಲಿ ಎರಡು ಕಡೆ ಸ್ಯಾಕ್ಡ್.

"ಸ್ಯಾಕ್ ಅಂದ್ರೆ ಚೀಲ," ಎಂದ ಕೆಂಪಯ್ಯ. ದಿನಾ ಅಕ್ಕಿ ಮೂಟೆ ಎಣಿಸುವವನಿಗೆ ಅಷ್ಟೂ ತಿಳಿಯದೆ? "ಹೋಗೋವಾಗ ಚೀಲದ ತುಂಬ ಉಡುಗೊರೆ ಕೊಟ್ಟು ಕಳಿಸವ್ರೆ."

ಬಾಲರಾಜುವಿನ ಕಣ್ಣಲ್ಲಿ ನೀರೇ ಬಂತು. ಗೇಟು ಕಾಯುವವನು, ಬೆನ್ನು ಮುರಿದುಕೊಂಡವನು, ಒಂಬತ್ತು ವರ್ಷ ಪೊರಕೆ ಹಿಡಿದವನು ಮ್ಯಾನೇಜರ್ ಆದನಲ್ಲ! ಸ್ಫೂರ್ತಿ ಎಂದರೆ ಇದಲ್ಲವೇ? ಹತ್ತೂವರೆಗೆಲ್ಲ ಎರಡು ಪುಟ ಬರೆದು ಮುಗಿಸಿದ.

ಭಾಷಣ ಜೇಬಿನಲ್ಲಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಕೆಂಪಯ್ಯನ ಬಾಯಿಗೆ ಬಿದ್ದ ಸುದ್ದಿ ಕ್ಯಾಂಟೀನಿನ ಸಾರಿನ ಹಾಗೆ ಎಲ್ಲರ ತಟ್ಟೆಗೂ ಹರಿಯಿತು. ಹರಿಯುತ್ತಾ ಹರಿಯುತ್ತಾ ಫೋಲ್ಗೆನ್ ಪಾಲ್ಗುಣಪ್ಪನಾದರು. ಊಟದ ಹೊತ್ತಿಗೆ ಗೇಟಿನ ಕಾವಲುಗಾರ ಮೀಸೆ ತಿರುವುತ್ತಾ ಸೆಲ್ಯೂಟ್ ಹೊಡೆಯುತ್ತಿದ್ದ. ಹದಿನೆಂಟು ಜನ ಗುಡಿಸುವ ಹೆಂಗಸರು ನಲ್ಲಿ ಹತ್ತಿರ ಸಭೆ ಸೇರಿಬಿಟ್ಟಿದ್ದರು.

ಎರಡು ಗಂಟೆಗೆ ಚಿಕ್ಕಲಕ್ಷ್ಮಮ್ಮ ಸ್ಟೋರಿಗೆ ಬಂದಳು. ಮುಡಿಯಲ್ಲಿ ಹೂವು, ಕೈಯಲ್ಲಿ ರೇಷ್ಮೆಗೂಡಿನ ಹಾರ. ಹಿಂದೆ ನಿಂತಿದ್ದ ದೊಡ್ಡಲಕ್ಷ್ಮಮ್ಮನ ಕೈಯಲ್ಲಿ ಚೆಂಡುಹೂ ಸುತ್ತಿದ ಹೊಸ ಪೊರಕೆ.

"ಬಾಲ್ರಾಜಪ್ಪಾ, ನಿನ್ ಬಾಯಿಗೆ ಸಕ್ಕರೆ ಹಾಕ. ಆ ಪಾಲ್ಗುಣಪ್ಪನೋರು ನಮ್ಮ ಥರದೋರೇ ಅಂತಲ್ಲಪ್ಪ. ನಾವು ಎಂಟು ವರ್ಷದಿಂದ ಗುಡಿಸ್ತಾ ಇದೀವಿ. ಕಂಟ್ರಾಕ್ಟು ಕಂಟ್ರಾಕ್ಟು ಅಂತ ಒಂದು ರಜ ಕೊಡಲ್ಲ, ಒಂದು ಬೂಟು ಕೊಡಲ್ಲ. ಇವತ್ತು ಅವ್ರ ಕೊರಳಿಗೆ ಹಾರ ಹಾಕಿ ನಮ್ಮನ್ನೂ ಪರ್ಮನೆಂಟ್ ಮಾಡಿ ಅಂತ ಕೇಳ್ಬುಡ್ತೀವಿ."

"ಕೇಳಿ ಅಕ್ಕ, ಧಾರಾಳವಾಗಿ ಕೇಳಿ," ಎಂದ ಬಾಲರಾಜು. ಅವನಿಗೂ ಲೋಕೋಪಕಾರದ ಹುಮ್ಮಸ್ಸು ಬಂದುಬಿಟ್ಟಿತ್ತು.

ಎರಡೂಮುಕ್ಕಾಲಿಗೆ ಶಾಮಿಯಾನದಡಿ ವೇದಿಕೆಯ ಹಿಂದೆ ದೊಡ್ಡ ಬ್ಯಾನರ್ ಬಿಚ್ಚಿದರು. ಅದರಲ್ಲಿ ಒಬ್ಬ ಗುಂಗುರುಗೂದಲ ಯುವಕ ಚಡ್ಡಿ ಹಾಕಿಕೊಂಡು, ಎರಡು ಕಾಲೂ ಗಾಳಿಯಲ್ಲಿಟ್ಟು ಚೆಂಡು ಒದೆಯುತ್ತಿದ್ದ.

"ಮೇಡಂ," ಬಾಲರಾಜು ಮೆಲ್ಲಗೆ ಕೇಳಿದ, "ಈ ಆಟ ಆಡೋ ಹುಡುಗ ಯಾರು?"

"ಫೋಲ್ಗೆನ್ ಅವರೇ! ಅವರ ಕಾಲದಲ್ಲಿ ಒಳ್ಳೆ ಸ್ವೀಪರ್ ಅಂತ ಹೆಸರು."

"ಗುಡಿಸೋವಾಗ ಚೆಂಡು ಯಾಕೆ ಒದೀತಾರೆ ಮೇಡಂ?"

ದಿವ್ಯ ಮೇಡಂ ನಕ್ಕರು. "ಜೋಕ್ ಚೆನ್ನಾಗಿದೆ. ಸ್ವೀಪರ್ ಅಂದ್ರೆ ಎಲ್ಲ ಡಿಫೆಂಡರ್‌ಗಳ ಹಿಂದೆ ನಿಂತು, ಒಳಗೆ ನುಗ್ಗಿದ ಚೆಂಡನ್ನ ಹೊರಗೆ ಒದ್ದು ಹಾಕೋ ಆಟಗಾರ. ಭಾಷಣ ರೆಡಿ ತಾನೇ?"

ಬಾಲರಾಜು ಜೇಬಿನಲ್ಲಿದ್ದ ಭಾಷಣವನ್ನು ಮುಟ್ಟಿ ನೋಡಿಕೊಂಡ. ಕೇಳಬಾರದೆಂದುಕೊಂಡೇ ಓನ್ ಗೋಲ್ ಅಂದರೇನೆಂದೂ ಕೇಳಿದ. ತನ್ನ ತಂಡದ ಗೋಲಿಗೆ ತಾನೇ ಹೊಡೆದುಕೊಳ್ಳುವುದು, ಎಂದರು ಮೇಡಂ. ಕ್ಲೀನ್ ಶೀಟ್ ಎಂದರೆ ಎದುರಾಳಿಗೆ ಒಂದೂ ಗೋಲು ಬಿಡದ ಪಂದ್ಯ, ಸೆಂಟ್ ಆಫ್ ಎಂದರೆ ತಪ್ಪಾಟಕ್ಕೆ ಮೈದಾನದಿಂದ ಆಚೆ ಕಳಿಸುವುದು. ಸ್ಯಾಕ್ಡ್? ಕೆಲಸದಿಂದ ಕಿತ್ತು ಹಾಕುವುದು. ಆ ಒಂದು ಪದದ ಅರ್ಥ ಅವನಿಗೆ ಚೆನ್ನಾಗಿ ಮನದಟ್ಟಾಯಿತು.

ಓಡಿಹೋಗಿ ಚಿಕ್ಕಲಕ್ಷ್ಮಮ್ಮನನ್ನು ಕಂಡ. ಮುಂದಿನ ಸಾಲಿನಲ್ಲಿ ಹದಿನೆಂಟು ಜನ ದಿಬ್ಬಣದವರಂತೆ ಕೂತಿದ್ದರು.

"ಅಕ್ಕ, ತಪ್ಪಾಗ್ಬುಟ್ಟೈತೆ. ಅವ್ರು ಗುಡಿಸ್ಲಿಲ್ವಂತೆ. ಬರೀ ಚೆಂಡು ಒದೀತಿದ್ರಂತೆ."

"ಯಾರಂದೋರು?"

"ದಿವ್ಯ ಮೇಡಮ್ಮೋರು."

"ದೊಡ್ಡೋರಾದ್ ಮೇಲೆ ಎಲ್ರೂ ಹಂಗೇ ಮುಚ್ಚಿಡೋದು ಕಣಪ್ಪ. ನೀನು ಹೆದರ್ಬ್ಯಾಡ. ಬರ್ದಿರೋದನ್ನ ಬರ್ದಂಗೇ ಓದು. ಬ್ಯಾರೆ ಏನಾದ್ರೂ ಓದಿದ್ರೆ..." ಅವಳು ಹೂ ಸುತ್ತಿದ ಪೊರಕೆಯನ್ನು ಒಮ್ಮೆ ನೋಡಿದಳು, ಅಷ್ಟೆ.

ಎಂ.ಡಿ.ಯೊಂದಿಗೆ, ಪತ್ರಿಕೆಯವರ ಕ್ಯಾಮೆರಾಗಳ ನಡುವೆ ಅತಿಥಿ ಬಂದರು. ಬ್ಯಾನರಿನ ಗುಂಗುರು ಹೋಗಿ ತಲೆ ಸೋರೆಬುರುಡೆಯಂತೆ ಹೊಳೆಯುತ್ತಿತ್ತು. ಜೊತೆಗೆ ಬೆಂಗಳೂರಿನಿಂದ ಕರೆಸಿದ ದುಭಾಷಿ ರಮ್ಯಾ. ಕನ್ನಡದಲ್ಲಿ ಆಡಿದ್ದನ್ನು ಅವರ ಕಿವಿಯಲ್ಲಿ ಜರ್ಮನ್ ಭಾಷೆಯಲ್ಲಿ ಹೇಳುವ ಹುಡುಗಿ. ಒಂದಕ್ಷರ ಬಿಡದೆ ಹೇಳುತ್ತಾಳಂತೆ ಎಂದು ಯಾರೋ ಹೊಗಳುವುದು ಬಾಲರಾಜುವಿಗೆ ಕೇಳಿಸಿತು.

ಮೈಕಿನ ಮುಂದೆ ನಿಂತು, ಭಾಷಣ ಜೇಬಿನಲ್ಲೇ ಬಿಟ್ಟು ಶುರು ಮಾಡಿದ. "ಮಾನ್ಯ ಫೋಲ್ಗೆನ್‌ರವರು ಒಳ್ಳೆಯವರು. ಬಹಳ ಒಳ್ಳೆಯವರು. ಇಷ್ಟು ಹೇಳಿ..."

"ಗುಡಿಸಿದ್ದು ಹೇಳಪ್ಪೋ!" ಮುಂದಿನ ಸಾಲಿನಿಂದ ದೊಡ್ಡಲಕ್ಷ್ಮಮ್ಮನ ದನಿ.

"ಗೇಟ್ ಕಾಯ್ದಿದ್ದು ಹೇಳ್ಲಾ!" ಹಿಂದಿನಿಂದ ಕಾವಲುಗಾರ.

ಆರುನೂರು ಜನ ಕೂಗತೊಡಗಿದರು. ಬಾಲರಾಜು ಕಣ್ಣು ಮುಚ್ಚಿ ಮನೆದೇವರನ್ನು ನೆನೆದು ಹಾಳೆ ತೆಗೆದ. ಸಾಯುವುದೇ ಆದರೆ ಒಳ್ಳೆಯ ಕನ್ನಡದಲ್ಲಿ ಸಾಯೋಣ ಎನ್ನಿಸಿತು. ವಾಚ್‌ಮನ್ ಕೆಲಸ ಓದಿದ, ಬೆನ್ನುನೋವು ಓದಿದ. "ಪೊರಕೆಯನ್ನೇ ಆಯುಧವಾಗಿಸಿಕೊಂಡ ಈ ಮಹನೀಯರು ಹದಿನೇಳು ಸಲ ಶೆಡ್ಡಿನ ಶೀಟು ಹತ್ತಿ ಥಳಥಳ ಹೊಳೆಯುವಂತೆ ಮಾಡಿದರು" ಎಂದಾಗ ಚಪ್ಪಾಳೆಗೆ ಶಾಮಿಯಾನ ಅಲ್ಲಾಡಿತು. "ಫೈನಲ್ಲಿನಲ್ಲಿ ಸ್ವಂತ ಗುರಿ ಮುಟ್ಟಿ ಸಾವಿರಾರು ಜನರನ್ನು ಕುಣಿಸಿದರು" ಎಂದಾಗ ಚಿಕ್ಕಲಕ್ಷ್ಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ದಿವ್ಯ ಮೇಡಂ ಮುಖ ಸುಣ್ಣವಾಗಿತ್ತು. ಅತಿಥಿಯ ಮುಖ ಮಾತ್ರ ಕೆಂಪಾಗುತ್ತಾ ಹೋಗಿ ಬೀಟ್‌ರೂಟಾಯಿತು. ರಮ್ಯಾ ಒಂದಕ್ಷರವನ್ನೂ ಬಿಡುತ್ತಿರಲಿಲ್ಲ. ಚೀಲದ ತುಂಬ ಉಡುಗೊರೆಯ ಮಾತು ಬರುತ್ತಿದ್ದಂತೆ ಆತ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮೇಜಿನ ಮೇಲೆ ಬಗ್ಗಿಬಿಟ್ಟರು. ಭುಜ ಗಡಗಡ ಅಲುಗುತ್ತಿತ್ತು. ಬಾಲರಾಜು ಹೆದರಿ ಭಾಷಣ ನಿಲ್ಲಿಸಿದ.

ಫೋಲ್ಗೆನ್ ತಲೆ ಎತ್ತಿದಾಗ ಕಣ್ಣಲ್ಲಿ ನೀರು ಧಾರೆಯಾಗಿ ಸುರಿಯುತ್ತಿತ್ತು. ನಕ್ಕೂ ನಕ್ಕೂ ಉಸಿರು ಸಿಕ್ಕಿಹಾಕಿಕೊಂಡಿತ್ತು. ಎದ್ದು ಮೈಕಿಗೆ ಬಂದರು. ಅವರ ಮಾತನ್ನು ರಮ್ಯಾ ಕನ್ನಡಕ್ಕೆ ತಂದಳು.

"ಆ ಗೋಲು ಹೊಡೆದ ರಾತ್ರಿ ನಾನು ನಮ್ಮೂರಿಗೆ ಕದ್ದು ಹೋಗಬೇಕಾಯಿತು. ಮೂವತ್ತು ವರ್ಷ ಆದ ಮೇಲೆ ಅದಕ್ಕೆ ಮೊದಲ ಚಪ್ಪಾಳೆ ಸಿಕ್ಕಿದ್ದು ನಿಮ್ಮೂರಲ್ಲಿ."

ಜನ ಇನ್ನೊಮ್ಮೆ ತಟ್ಟಿದರು. ಆತ ಮುಂದಿನ ಸಾಲಿನ ಹದಿನೆಂಟು ಜನರನ್ನು ನೋಡಿದರು.

"ನಾನು ಪೊರಕೆ ಹಿಡಿದವನಲ್ಲ. ಹಿಡಿದವಳು ನಮ್ಮಮ್ಮ. ನಮ್ಮೂರಿನ ಆಟದ ಮೈದಾನದ ಮೆಟ್ಟಿಲುಗಳನ್ನ ಇಪ್ಪತ್ತಾರು ವರ್ಷ ಗುಡಿಸಿದಳು. ಟಿಕೆಟ್ಟಿಲ್ಲದೆ ನಾನು ಒಳಗೆ ಹೋಗಿ ಆಟ ಕಲಿತದ್ದು ಅವಳು ತೆರೆದಿಟ್ಟ ಬಾಗಿಲಿನಿಂದ. ನನ್ನ ಬಗ್ಗೆ ನೂರು ಪರಿಚಯ ಓದಿದ್ದಾರೆ. ಯಾರೂ ಅವಳ ಹತ್ತಿರಕ್ಕೂ ಹೋಗಿರಲಿಲ್ಲ. ಈ ಮನುಷ್ಯ ತಪ್ಪು ದಾರಿಯಲ್ಲಿ ಹೋಗಿ ಸರಿಯಾದ ಮನೆಗೆ ತಲುಪಿಬಿಟ್ಟ."

ಚಿಕ್ಕಲಕ್ಷ್ಮಮ್ಮ ಇನ್ನು ತಡೆಯಲಿಲ್ಲ. ವೇದಿಕೆ ಹತ್ತಿ ಗೂಡಿನ ಹಾರ ಹಾಕಿ, ಪೊರಕೆ ಕೈಗೆ ಕೊಟ್ಟು, ತನ್ನ ಅಹವಾಲನ್ನು ಒಂದೇ ಉಸಿರಿನಲ್ಲಿ ಹೇಳಿದಳು. ರಮ್ಯಾ ಅದನ್ನೂ ಒಂದಕ್ಷರ ಬಿಡದೆ ದಾಟಿಸಿದಳು, ಬೂಟಿನ ವಿಷಯ ಸಹಿತ. ಫೋಲ್ಗೆನ್ ಎಂ.ಡಿ. ಕಡೆ ತಿರುಗಿ ಏನೋ ಕೇಳಿದರು. ಅಷ್ಟು ಕ್ಯಾಮೆರಾಗಳ ಮುಂದೆ ಎಂ.ಡಿ.ಗೆ ಬೇರೆ ಉತ್ತರ ಹೊಳೆಯಲಿಲ್ಲ. ಹದಿನೆಂಟು ಜನರೂ ಇಂದಿನಿಂದ ಪರ್ಮನೆಂಟ್ ಎಂದು ಮೈಕಿನಲ್ಲೇ ಸಾರಿದರು.

ಗಫಾರ್ ಬಾಲರಾಜುವನ್ನು ಹೆಗಲ ಮೇಲೆ ಎತ್ತಿಕೊಂಡ. "ನಾನ್ ಹೇಳಿದ್ದೆಲ್ಲ ಸರಿ ಇತ್ತಾ ಇಲ್ವಾ?" ಎಂದು ಕಂಡಕಂಡವರನ್ನು ಕೇಳುತ್ತಾ ಶಾಮಿಯಾನದ ಸುತ್ತ ಒಂದು ಸುತ್ತು ಹಾಕಿದ. ಮೇಲೆ ಕೂತ ಬಾಲರಾಜು ಅವ್ವನಿಗೆ ಫೋನಿನಲ್ಲಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದ.

ಐದೂವರೆಗೆ ದಿವ್ಯ ಮೇಡಂ ಕರೆಸಿದರು. ಮುಖದಲ್ಲಿ ಸಂತೋಷವೂ ಇತ್ತು, ಇನ್ನೇನೋ ಇತ್ತು.

"ಬಾಲರಾಜು, ಭಾಷಣ ಅದ್ಭುತ. ಫೋಲ್ಗೆನ್ ಅದರ ಪ್ರತಿ ಕೇಳಿ ತಗೊಂಡ್ರು, ಗಾಜಿನ ಕಟ್ಟು ಹಾಕಿಸ್ತಾರಂತೆ."

"ಥ್ಯಾಂಕ್ಸ್ ಮೇಡಂ. ಮತ್ತೆ ನನ್ನ ಲೆಟರು...?"

ಮೇಡಂ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. "ನೋಡಿ, ಪರ್ಮನೆಂಟ್ ಮಾಡೋಕೆ ಹೆಡ್ ಆಫೀಸು ಈ ವರ್ಷ ನಮಗೆ ಕೊಟ್ಟಿದ್ದೇ ಹದಿನೆಂಟು ಜಾಗ. ಪಟ್ಟಿಯಲ್ಲಿ ನಿಮ್ಮ ಹೆಸರೇ ಮೊದಲನೇದಿತ್ತು. ಎಂ.ಡಿ. ಮೈಕಿನಲ್ಲಿ ಹೇಳಿಬಿಟ್ರಲ್ಲ... ಹದಿನೆಂಟೂ ಖರ್ಚಾಯ್ತು."

ಬಾಲರಾಜು ಗೇಟಿನ ಹೊರಗೆ ಕಲ್ಲುಬೆಂಚಿನ ಮೇಲೆ ಕೂತು ಬಸ್ಸು ಕಾಯುತ್ತಿದ್ದ. ಚಿಕ್ಕಲಕ್ಷ್ಮಮ್ಮ ಬಂದು ಪಕ್ಕದಲ್ಲಿ ಕೂತಳು. ಸುದ್ದಿ ಅವಳಿಗೂ ಮುಟ್ಟಿತ್ತು. ಎಲೆಯಡಿಕೆ ಚೀಲ ಬಿಚ್ಚಿ ಅವನಿಗೂ ಒಂದು ಎಲೆ ಮಡಿಚಿ ಕೊಟ್ಟು, ಪರ್ಮನೆಂಟ್ ನೌಕರಳ ಗಾಂಭೀರ್ಯದಿಂದ ಸಮಾಧಾನ ಹೇಳಿದಳು:

"ಯೋಚ್ನೆ ಮಾಡ್ಬ್ಯಾಡ ಕಣಪ್ಪಾ. ಮುಂದಿನ್ ವರ್ಷ ಸ್ಟೋರ್ ಗುಮಾಸ್ತನ ಮಗ ಯಾರಾದ್ರೂ ಜರ್ಮನೀಲಿ ದೊಡ್ಡೋನಾಗವ್ನಾ ನೋಡು. ಭಾಷಣ ನಾನು ಮಾಡ್ತೀನಿ."