ಮುಳುಗಿದ ಹಡಗಿನ ಗ್ರೂಪರ್ ಮಹಾಶಯರಿಗೆ: ನನ್ನ ಹಿಡಿ ಮಣ್ಣು ವಾಪಸು ಕೊಡಿ

ಶ್ರೀ ಗ್ರೂಪರ್ ಮೀನಿನವರು,
ಎಂಜಿನ್ ಕೋಣೆ, ಎಡಮಗ್ಗುಲ ಒಡೆದ ಕಿಟಕಿ,
ಮುಳುಗಿದ ಹಡಗು, ಪುದುಚೇರಿಯಾಚೆಯ ಕಡಲು.

ಮಾನ್ಯರೇ,

ಉಪ್ಪುನೀರಿನಲ್ಲೇ ಹುಟ್ಟಿ ಬೆಳೆದು, ಅದರಿಂದಾಗಿ ಯಾರ ಉಪ್ಪಿನ ಋಣಕ್ಕೂ ಬೀಳದೆ ದೊಡ್ಡವರಾದ ತಮ್ಮ ಸನ್ನಿಧಾನಕ್ಕೆ, ಕೋಲಾರ ತಾಲ್ಲೂಕು ವಕ್ಕಲೇರಿಯ ಹಿಪ್ಪುನೇರಳೆ ಬೆಳೆಗಾರನೂ, ಏಳನೆಯ ತರಗತಿಯನ್ನು ಒಂದೇ ಏಟಿಗೆ ಪಾಸು ಮಾಡಿದವನೂ, ಊರ ಬಾವಿಗೆ ಎಲ್ಲಕ್ಕಿಂತ ಮೇಲಿನ ಕಲ್ಲಿನಿಂದ ತಲೆಕೆಳಗಾಗಿ ಹಾರಬಲ್ಲವನೂ ಆದ ಮುನಿರಾಮಪ್ಪನು ಎರಡೂ ಕೈ ಜೋಡಿಸಿ, ಬಲಗೈಯನ್ನು ಮಾತ್ರ ತುಸು ಹಿಂದಕ್ಕಿಟ್ಟುಕೊಂಡು ಮಾಡುವ ನಮಸ್ಕಾರಗಳು. ಬಲಗೈ ಹಿಂದೆ ಯಾಕೆಂಬುದು ತಮಗೆ ಗೊತ್ತೇ ಇದೆ, ಉಳಿದ ಓದುಗರಿಗೆ ಮುಂದೆ ಗೊತ್ತಾಗುತ್ತದೆ. ಕಾಗದ ನೀರಿನಲ್ಲಿ ನೆನೆದು ಹೋಗುವುದರಿಂದಲೂ, ತಮ್ಮ ವಿಳಾಸದವರೆಗೆ ಇಳಿಯಲು ಅಂಚೆಯವರು ಒಪ್ಪದಿರುವುದರಿಂದಲೂ ಇದನ್ನು ಬಹಿರಂಗ ಪತ್ರವಾಗಿ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ.

ತಮ್ಮ ಮನೆಯ ಕಿಟಕಿಯವರೆಗೆ ಬರುವ ಆಸೆ ನನಗೆ ಇರಲೇ ಇಲ್ಲ. ಮಾಸ್ತಿಗೆ ಕೊಟ್ಟ ನಮ್ಮ ಅಕ್ಕ ಭಾರತಮ್ಮನ ಮಗಳು ಅನಿತ, ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿಸಿಕೊಂಡು ನಮ್ಮ ಬಾವಿಯಲ್ಲೇ ಈಜು ಕಲಿತವಳು, ಈಗ ಪುದುಚೇರಿಯಲ್ಲಿ ಜನರನ್ನು ಕಡಲೊಳಗೆ ಇಳಿಸಿ ಮೇಲೆ ತರುವ ಸ್ಕೂಬಾ ಕೆಲಸ ಕಲಿಯುತ್ತಿದ್ದಾಳೆ. (ಈಜು ಕಲಿಸಿದವನು ನಾನೇ. ಕಲಿಸಿದ್ದೆಂದರೆ ಹಿಂದಿನಿಂದ ತಳ್ಳಿದ್ದು, ಉಳಿದದ್ದನ್ನು ಅವಳೇ ಕಲಿತಳು.) ಅವಳನ್ನು ಕಾಯಂ ಮಾಡಿಕೊಳ್ಳಬೇಕಾದರೆ ಒಂದು ಪರೀಕ್ಷೆ. ಎಂದೂ ಕಡಲಿಗೆ ಇಳಿಯದ ಒಬ್ಬ ಅತಿಥಿಯನ್ನು ಮುಳುಗಿದ ಹಡಗಿನವರೆಗೆ ಕರೆದುಕೊಂಡು ಹೋಗಿ, ಹೇಗೆ ಹೋದನೋ ಹಾಗೆಯೇ ವಾಪಸು ತರಬೇಕು, ಅವಳ ಗುರು ವೆಂಕಟ್ ಎಂಬುವರು ಹಿಂದೆಯೇ ಕ್ಯಾಮೆರಾ ಹಿಡಿದು ಬಂದು ತೀರ್ಪು ಕೊಡುತ್ತಾರೆ. ಅಂದು ಬರಬೇಕಿದ್ದ ಅತಿಥಿ ದೋಣಿ ಹತ್ತುವ ಮೊದಲೇ ಅಲೆ ನೋಡಿ, ಬೆಳಿಗ್ಗೆ ತಿಂದ ಇಡ್ಲಿಯನ್ನೆಲ್ಲ ದಡಕ್ಕೆ ಒಪ್ಪಿಸಿ ಹಿಂದೆ ಸರಿದ. ಸೋದರಸೊಸೆಯನ್ನು ನೋಡಿಕೊಂಡು ಹೋಗೋಣವೆಂದು ಬಂದು, ಅಲ್ಲೇ ಮರಳಿನ ಮೇಲೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದವನು ನಾನೊಬ್ಬನೇ. ಅನಿತ ನನ್ನ ಕಡೆ ನೋಡಿದಳು. ಬೇರೆ ಗತಿಯಿಲ್ಲದ ಮುಖ ಹೇಗಿರುತ್ತದೆಂದು ನನಗೆ ಅಂದೇ ಗೊತ್ತಾದದ್ದು. "ಮಾವ, ನಿಮ್ಮ ಕಾಲಿಗ್ ಬೀಳ್ತೀನಿ, ಕೆಳಗೆ ಏನೂ ಮುಟ್ಬೇಡಿ, ಏನೂ ತರ್ಬೇಡಿ, ಉಸಿರು ಮಾತ್ರ ಕಟ್ಟಲೇಬೇಡಿ. ನನ್ ಕೆಲಸ ನಿಮ್ ಕೈಲಿದೆ," ಎಂದಳು. ಕೈಯಲ್ಲಿದೆ ಎಂದವಳು ಅವಳೇ, ನಾನಲ್ಲ, ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

ಇಷ್ಟಕ್ಕೇ ನಿಂತಿದ್ದರೆ ತಮ್ಮನ್ನು ದೂರದಿಂದ ಮಾತ್ರ ನೋಡಿ ಬರುತ್ತಿದ್ದೆ. ಆದರೆ ದೋಣಿ ಹತ್ತುವಾಗ, ಸುದ್ದಿ ತಿಳಿಸದಿದ್ದರೆ ತಪ್ಪಾಗುತ್ತದೆಂಬ ಒಂದೇ ಕಾರಣಕ್ಕೆ, ಹೋಳೂರಿನಲ್ಲಿರುವ ನನ್ನ ಭಾವಮೈದ ಮುನಿಕೃಷ್ಣನಿಗೆ ಫೋನು ಮಾಡಿದೆ. ಅವನು ಒಂದಷ್ಟು ಹೊತ್ತು ನಕ್ಕು, "ಆಯ್ತು ಭಾವ, ಹೋಗ್ ಬಾ. ಆದ್ರೆ ಫೋಟೋ ಗೀಟೋ ತೋರಿಸ್ಬೇಡ, ಅದೆಲ್ಲಾ ಕಂಪ್ಯೂಟರ್‌ನಲ್ ಮಾಡ್ತಾರೆ. ಮಣ್ಣು ತಂದ್ರೆ ನೀನು ಮುಳುಗಿದ್ದು ನಿಜ, ಇಲ್ದಿದ್ರೆ ಸ್ನಾನ ಮಾಡಿದ್ದು ಅಷ್ಟೇ," ಎಂದ. ತಮಗೆ ನಮ್ಮ ಕಡೆಯ ಬಾವಿಗಳ ಕಾನೂನು ತಿಳಿಯದಿರಬಹುದು. ನಮ್ಮಲ್ಲಿ ಎಷ್ಟು ಎತ್ತರದಿಂದ ಹಾರಿದರೂ, ಎಷ್ಟು ಹೊತ್ತು ಕಾಣದೆ ಹೋದರೂ ಅದು ಲೆಕ್ಕಕ್ಕಿಲ್ಲ. ತಳ ಮುಟ್ಟಿ, ಒಂದು ಹಿಡಿ ಕೆಸರು ಹಿಡಿದು, ಒಂದೇ ಉಸಿರಿಗೆ ಮೇಲೆ ಚಿಮ್ಮಿ, ಮುಷ್ಟಿ ಬಿಚ್ಚಿ ತೋರಿಸಿದವನೇ ಈಜುಗಾರ. ಈ ಕಾನೂನನ್ನು ನಮ್ಮ ತಾತನ ಕಾಲದಿಂದ ಯಾರೂ ತಿದ್ದಿಲ್ಲ, ಸಮುದ್ರಕ್ಕೆ ವಿನಾಯಿತಿಯನ್ನೂ ಕೊಟ್ಟಿಲ್ಲ.

ಅಲ್ಲಿನ ಪದ್ಧತಿಗಳೋ ಎಲ್ಲವೂ ತಿರುಗುಮುರುಗು. ನಮ್ಮೂರಿನಲ್ಲಿ ಮುಳುಗದಿರಲೆಂದು ಬೆನ್ನಿಗೆ ಸೋರೆಬುರುಡೆ ಕಟ್ಟುತ್ತಾರೆ, ಅಲ್ಲಿ ಮುಳುಗಲೆಂದು ಸೊಂಟಕ್ಕೆ ಸೀಸದ ಗುಂಡು ಕಟ್ಟಿದರು. ತುಂಬಿದ ಹಾಲಿನ ಕ್ಯಾನಿನಷ್ಟು ಭಾರದ ಗಾಳಿಯ ಸಿಲಿಂಡರನ್ನು ಬೆನ್ನಿಗೇರಿಸಿ, ಕಾಲಿಗೆ ಬಾತುಕೋಳಿಯ ಪಾದ ತೊಡಿಸಿ, ಕಣ್ಣು ಮೂಗು ಮುಚ್ಚುವ ಕನ್ನಡಕ ಬಿಗಿದು, ಬಾಯಿಗೆ ಗಾಳಿಕೊಳವೆಯ ರಬ್ಬರು ತುರುಕಿದರು. ಬಾಯಿಗೆ ರಬ್ಬರು ಎಂದರೆ ಮಾತು ಬಂದ್. ಅರ್ಧ ಗಂಟೆ ಮಾತಾಡದೆ ಇದ್ದದ್ದು ನನ್ನ ಮದುವೆಯ ಮುಹೂರ್ತದಲ್ಲಿಯೂ ಆಗಿರಲಿಲ್ಲ, ತಾವು ಬೇಕಾದರೆ ನಮ್ಮ ಮನೆಯವಳನ್ನು ವಿಚಾರಿಸಬಹುದು.

ನೀರಿನ ಪರಿಸ್ಥಿತಿಯ ಬಗ್ಗೆ ಹೇಳುವುದಾದರೆ, ಮೇಲೆ ಎಮ್ಮೆ ಮೈತೊಳೆಯುವ ಕುಂಟೆಯಷ್ಟು ಬೆಚ್ಚಗಿತ್ತು, ಮೂರು ಆಳುದ್ದ ಇಳಿದ ಮೇಲೆ ಫ್ರಿಜ್ಜಿನ ಬಾಗಿಲು ತೆಗೆದ ಹಾಗೆ ತಣ್ಣನೆಯ ಒಂದು ಪದರ ಮೈಗೆ ತಗುಲಿತು. ಅಲ್ಲಿಂದ ಕೆಳಗೆ ಕಿವಿಯೊಳಗೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂತಾಗಿ, ಮೂಗು ಹಿಡಿದು ಊದಿದರೆ ಟಪ್ಪೆಂದು ಬಿಡುಗಡೆ. ಇಳಿಯಲು ಕಟ್ಟಿದ್ದ ಹಗ್ಗವನ್ನು ಹಿಡಿದು ಹೋಗುವಾಗ ಒಳಸೆಳೆತಕ್ಕೆ ನಾವೆಲ್ಲ ಒಣಹಾಕಿದ ಪಂಚೆಗಳಂತೆ ಅಡ್ಡಡ್ಡ ಹಾರಾಡುತ್ತಿದ್ದೆವು. ನೋಟ ನಮ್ಮ ಕೊಟ್ಟಿಗೆಯ ಉದ್ದದಷ್ಟು ಮಾತ್ರ, ಅದರಾಚೆ ಎಲ್ಲವೂ ಹಸಿರು ಮಜ್ಜಿಗೆ. ಆ ಮಜ್ಜಿಗೆಯೊಳಗಿಂದ ತಮ್ಮ ಹಡಗು ಮೆಲ್ಲನೆ ಮೂಡಿಬಂದಾಗ, ಬಾಯಲ್ಲಿ ರಬ್ಬರು ಇಲ್ಲದಿದ್ದರೆ ನಾನು ಕೂಗಿಯೇ ಬಿಡುತ್ತಿದ್ದೆ.

ಮಹಾಶಯರೇ, ಹೊಟ್ಟೆಕಿಚ್ಚು ಮುಚ್ಚಿಟ್ಟುಕೊಳ್ಳುವುದಿಲ್ಲ. ಮುದಿಯಾದ ಆ ಹಡಗನ್ನು ಎಣ್ಣೆ ಜಿಡ್ಡು ತೊಳೆದು, ಮೀನುಗಳಿಗೆ ಮನೆಯಾಗಲೆಂದು ಬೇಕೆಂದೇ ಮುಳುಗಿಸಿದ್ದಂತೆ. ನಮ್ಮ ಕಡೆ ಒಂದು ಆಶ್ರಯ ಮನೆಗೆ ಅರ್ಜಿ ಹಾಕಿದವನು ಮೊಮ್ಮಗನ ಕಾಲಕ್ಕೆ ಪಾಯ ತೋಡುತ್ತಾನೆ. ತಾವು ಅರ್ಜಿಯಿಲ್ಲದೆ, ಫೋಟೋವಿಲ್ಲದೆ, ಆಧಾರ್ ಇಲ್ಲದೆ, ಸುತ್ತಲೂ ಕಿಟಕಿಯಿರುವ ಮೂರಂತಸ್ತಿನ ಕಬ್ಬಿಣದ ಮನೆಗೆ ಒಕ್ಕಲು ಬಂದಿರಿ. ಅದಕ್ಕೆ ಬಣ್ಣ ಹೊಡೆಯುವ ಖರ್ಚೂ ತಮಗಿಲ್ಲ. ಒಂದು ಮೊಳ ಕಬ್ಬಿಣವೂ ಕಾಣದ ಹಾಗೆ ಚಿಪ್ಪು, ಪಾಚಿ, ಕೋಳಿಜುಟ್ಟಿನ ಹೂವಿನಂಥ ಹವಳಗಳೇ ಗಾರೆ ಮೆತ್ತಿವೆ.

ತಮ್ಮ ನೆರೆಹೊರೆಯೂ ಮೆಚ್ಚುವಂಥದ್ದೇ. ಮೈತುಂಬ ಪಟ್ಟೆ ಬಳಿದುಕೊಂಡು ಭುಜಕೀರ್ತಿ ಬಿಚ್ಚಿ ನಿಂತ ಸಿಂಹಮೀನನ್ನು ನೋಡಿ, ನಮ್ಮೂರ ಕೇಳಿಕೆ ನಾಟಕದ ವೇಷಧಾರಿ ತಪ್ಪಿ ಇಲ್ಲಿಗೆ ಬಂದನೇ ಎಂದುಕೊಂಡೆ. ಅದರ ಮುಳ್ಳಿನಲ್ಲಿ ವಿಷವಿದೆಯೆಂದು ಅನಿತ ಕೈಸನ್ನೆ ಮಾಡಿದಳು, ವೇಷಧಾರಿಗಳ ಸ್ವಭಾವ ನನಗೆ ಗೊತ್ತಿದ್ದರಿಂದ ದೂರವೇ ಉಳಿದೆ. ಕೊಳವೆಯೊಂದರಿಂದ ತಲೆ ಹೊರಹಾಕಿದ್ದ ಹಾವುಮೀನು ಒಂದೇ ಸಮನೆ ಬಾಯಿ ತೆಗೆದು ಮುಚ್ಚುತ್ತಿತ್ತು, ಗ್ರಾಮಸಭೆಯಲ್ಲಿ ಮೈಕು ಕೆಟ್ಟ ಮೇಲೂ ಭಾಷಣ ನಿಲ್ಲಿಸದ ಸದಸ್ಯರ ಹಾಗೆ. ಹಳದಿ ಮೀನುಗಳ ಹಿಂಡೊಂದು, ಒಂದೇ ಬಣ್ಣದ ಸೀರೆಯುಟ್ಟ ಸ್ವಸಹಾಯ ಸಂಘದ ಹೆಂಗಸರು ಫೋಟೋಕ್ಕೆ ತಿರುಗಿದಂತೆ, ಪೂರ್ತಿ ಒಟ್ಟಿಗೆ ತಿರುಗಿತು. ಇನ್ನು ತಾವು. ಒಡೆದ ಕಿಟಕಿಯ ಹಿಂದೆ, ಬೀಗರ ಊಟದಲ್ಲಿ ಎರಡನೇ ಪಂಕ್ತಿಗೆ ಕೂರಿಸಿದ ಹಿರಿಯರ ಮುಖ ಹೊತ್ತು, ಕೆಳತುಟಿ ಇಳಿಬಿಟ್ಟು, ಬಾಯಿ ಅಗಲಿಸಿ ತಾವು ನಿಂತಿದ್ದಿರಿ. ಬೆರಳುದ್ದದ ನೀಲಿ ಮೀನೊಂದು ತಮ್ಮ ಬಾಯೊಳಗೇ ಓಡಾಡಿ ಹಲ್ಲು ತಿಕ್ಕುತ್ತಿತ್ತು. ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತವರು ಎದ್ದು ಬಂದು ಜಗಳವಾಡುವುದಿಲ್ಲ ಎಂಬ ನಂಬಿಕೆಯಿಂದಲೇ ನಾನು ಮುಂದಿನ ಕೆಲಸಕ್ಕೆ ಕೈಹಾಕಿದ್ದು.

ಆ ಕಿಟಕಿಯ ಹೊಸ್ತಿಲ ಮೇಲೆ, ವರ್ಷಗಟ್ಟಲೆ ಯಾರೂ ಗುಡಿಸದೆ, ನುಣ್ಣನೆಯ ಮಣ್ಣು ಕೂತಿತ್ತು. ಅನಿತ ಒಂದು ಗಳಿಗೆ, ಸಿಲಿಂಡರಿನಲ್ಲಿ ಉಳಿದ ಗಾಳಿ ತೋರಿಸುವ ಗಡಿಯಾರದ ಮುಳ್ಳು ನೋಡಲು ತಲೆ ತಗ್ಗಿಸಿದಳು. ನಾನು ಬಲಗೈ ಒಳಗಿಟ್ಟು ಒಂದು ಹಿಡಿ ಬಾಚಿದೆ. ಬಾಚಿದ್ದೇ ತಡ, ರಾಗಿ ತೂರುವ ಕಣದಲ್ಲಿ ಗಾಳಿ ತಿರುಗಿದಂತೆ ಮಣ್ಣು ಮೋಡವಾಗಿ ಎದ್ದು, ಹಡಗು, ಹಳದಿ ಸೀರೆಗಳು, ವೆಂಕಟ್, ಅನಿತ ಎಲ್ಲರೂ ಮಾಯ. ಅದೇ ಕತ್ತಲಲ್ಲಿ, ಕರೆಯದೆ, ಕೆಮ್ಮದೆ, ಸೂಚನೆ ಕೊಡದೆ, ತಾವು ನನ್ನ ಮುಷ್ಟಿಯನ್ನು ಮಣಿಕಟ್ಟಿನವರೆಗೆ ಬಾಯಿಗೆ ಹಾಕಿಕೊಂಡಿರಿ. ಮರಳುಕಾಗದದಂಥ ಆ ಹಲ್ಲುಗಳಲ್ಲಿ ಒಂದೆರಡು ಸಲ ಚಪ್ಪರಿಸಿ, ಮಣ್ಣನ್ನಷ್ಟು ಇಟ್ಟುಕೊಂಡು, ಕೈಯನ್ನು ರುಚಿಯಿಲ್ಲವೆಂದು ಉಗಿದಿರಿ. ವಕ್ಕಲೇರಿಯ ಕೈ ರುಚಿಯಿಲ್ಲವೆಂದವರು ಇದುವರೆಗೆ ಯಾರೂ ಇರಲಿಲ್ಲ.

ಮುಂದಾದದ್ದನ್ನು ತಾವು ಮೋಡದಿಂದಾಗಿ ನೋಡಿರಲಾರಿರಿ, ಆದ್ದರಿಂದ ತಿಳಿಸುತ್ತೇನೆ. ಮುಷ್ಟಿ ಹಿಡಿದ ಮೇಲೆ ಬಾವಿಯವನ ಮೈ ಏನು ಮಾಡುತ್ತದೋ ನನ್ನ ಮೈ ಅದನ್ನೇ ಮಾಡಿತು. ಉಸಿರು ಕಟ್ಟಿ, ತಳ ಒದ್ದು, ಮೇಲಕ್ಕೆ ಚಿಮ್ಮಿದೆ. ಸಿಲಿಂಡರಿನ ಗಾಳಿ ಕುಡಿದವನು ಹಾಗೆ ಉಸಿರು ಹಿಡಿದು ಚಿಮ್ಮಿದರೆ, ಮೇಲೆ ಹೋಗುತ್ತಾ ಹೋಗುತ್ತಾ ಆ ಗಾಳಿ ಎದೆಯೊಳಗೇ ಹಿಗ್ಗಿ ಶ್ವಾಸಕೋಶ ಒಡೆಯುತ್ತದೆಂದು ಬೆಳಿಗ್ಗೆ ಮೂರು ಸಲ ಹೇಳಿದ್ದರು. ಬೆಳಿಗ್ಗೆ ನಾನು ಕಡಲೆಕಾಯಿ ತಿನ್ನುತ್ತಿದ್ದೆ. ಯಾರೋ ನನ್ನ ಕಾಲು ಹಿಡಿದು ಜಗ್ಗಿದರು. ತಾವೇ ಎಂದುಕೊಂಡು ಒದ್ದೆ. ಬಿಡಲಿಲ್ಲ. ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ ಹತ್ತಿ ಬಂದು, ನನ್ನ ಕನ್ನಡಕಕ್ಕೆ ತನ್ನ ಕನ್ನಡಕ ತಾಗಿಸಿ ನಿಂತದ್ದು ಅನಿತ. ಅಷ್ಟು ಹತ್ತಿರವಿದ್ದದ್ದರಿಂದ ಆ ಕೆಸರಿನಲ್ಲೂ ಅವಳ ಕಣ್ಣು ಕಾಣುತ್ತಿತ್ತು. ಬಾವಿಗೆ ತಳ್ಳಿದ ದಿನ ಅವಳ ಕಣ್ಣಿನಲ್ಲಿದ್ದ ಹೆದರಿಕೆ ಈಗ ಅಲ್ಲಿರಲಿಲ್ಲ. ಅದು ಪೂರ್ತಿ ನನ್ನ ಕಡೆಗೆ ವರ್ಗವಾಗಿತ್ತು. ಎದೆಯ ಮೇಲೆ ಅಂಗೈ ಊರಿ ಒತ್ತಿ ಒತ್ತಿ ನನ್ನ ಉಸಿರು ಬಿಡಿಸಿದಳು, ಗುಳ್ಳೆಗಳು ಹೊರಟವು. ಒಂದು ಕೈಯಲ್ಲಿ ಹಗ್ಗ, ಒಂದು ಕೈಯಲ್ಲಿ ಸೋದರಮಾವ, ಹೀಗೆ ಕುರಿ ತಕ್ಕಡಿಗೆ ಹಾಕುವವಳಂತೆ ಮೆಲ್ಲಮೆಲ್ಲನೆ ಏರಿಸಿ, ನಡುವೆ ನಿಲ್ಲಬೇಕಾದಲ್ಲಿ ನಿಲ್ಲಿಸಿ, ಅಲ್ಲಿಯೂ ನನ್ನ ಗುಳ್ಳೆಗಳನ್ನು ಎಣಿಸುವಂತೆ ನೋಡುತ್ತಾ, ದೋಣಿಗೆ ಮುಟ್ಟಿಸಿದಳು.

ದೋಣಿಯಲ್ಲಿ ಅವಳು ಮೊದಲು ನನ್ನ ಸೀಸದ ಗುಂಡು, ಸಿಲಿಂಡರು ಬಿಚ್ಚಿಟ್ಟಳು. ಆಮೇಲೆ ಮೂಲೆಯಲ್ಲಿ ಕೂತು ಒದ್ದೆ ಕೂದಲು ಹಿಂಡಿಕೊಂಡಳು. ಬೈದಿದ್ದರೆ ನಾನು ಎದುರುತ್ತರ ಕೊಡುತ್ತಿದ್ದೆ. ಬೈಯದಿದ್ದದ್ದರಿಂದ ನಾನೇ ಮುಂದಾಗಿ, "ಎಲ್ಲಾ ಆ ಮೀನಿಂದೇ ತಪ್ಪು ಕಣಮ್ಮಾ," ಎಂದೆ. ಆಗಲೇ ತಮ್ಮ ಮೇಲೆ ದೂರು ದಾಖಲಾದದ್ದು. ವೆಂಕಟ್ ಕ್ಯಾಮೆರಾ ಒರೆಸುತ್ತಾ ತಮಿಳಿನಲ್ಲಿ ಮಾತಾಡಿದರು. ಕೋಲಾರದವನಿಗೆ ತಮಿಳು ಅರ್ಥವಾಗುವುದಿಲ್ಲವೆಂದು ಅವರು ಭಾವಿಸಿದ್ದರೆ ಅದು ಅವರ ಭೂಗೋಳದ ದೋಷ. ಅವರು ಹೇಳಿದ್ದಿಷ್ಟು: ಈ ಮನುಷ್ಯನನ್ನು ಆ ಕೆಸರಿನಿಂದ ಜೀವಸಹಿತ ಮೇಲೆ ತಂದವಳು ಯಾರನ್ನು ಬೇಕಾದರೂ ತರಬಲ್ಲಳು, ನಾಳೆಯಿಂದಲೇ ಕೆಲಸಕ್ಕೆ ಬರಲಿ.

ಹೀಗೆ ಅನಿತಳ ಕೆಲಸ ಕಾಯಂ ಆಯಿತು. ಎಲ್ಲರೂ ಅವಳನ್ನು ಹೊಗಳಿದರು, ಅದು ನ್ಯಾಯ. ವಿಡಿಯೋ ನೋಡಿದವರೆಲ್ಲ ತಮ್ಮ ತುಟಿ, ತಮ್ಮ ಗಾಂಭೀರ್ಯ, ತಮ್ಮ ಸಮಯಪ್ರಜ್ಞೆಯನ್ನು ಹೊಗಳಿದರು, ಅದೂ ಇರಲಿ. ಪರೀಕ್ಷೆಯನ್ನು ಅಷ್ಟು ಕಠಿಣ ಮಾಡಿಕೊಟ್ಟವನು ಯಾರು ಎಂದು ಒಬ್ಬರಾದರೂ ಕೇಳಿದರೇ? ಊರಿಗೆ ಬಂದು ಹೋಳೂರಿಗೆ ಹೋದರೆ ಮುನಿಕೃಷ್ಣ ಅಲ್ಲಿನ ಬಾವಿಕಟ್ಟೆಯ ಮೇಲೆ ಹತ್ತು ಜನರನ್ನು ಕೂಡಿಸಿಕೊಂಡು, "ಏನ್ ಭಾವ, ಸಮುದ್ರಕ್ ಹೋಗಿ ಮೀನಿಗೆ ಕೈತುತ್ತು ಹಾಕ್ ಬಂದ್ಯಂತೆ? ಎಲ್ಲಿ, ಮುಷ್ಟಿ ಬಿಚ್ಚು!" ಎಂದು ಕೇಳುತ್ತಾನೆ. ಬಿಚ್ಚಿದರೆ ತಮ್ಮ ಹಲ್ಲಿನ ಗೀರುಗಳಿವೆ. ಗೀರು ಮಣ್ಣಲ್ಲವಂತೆ.

ಆದ್ದರಿಂದ ನನ್ನ ವಿನಮ್ರ ಬೇಡಿಕೆಯೇನೆಂದರೆ, ‘ಮುನಿರಾಮಪ್ಪನು ತಳದ ಮಣ್ಣನ್ನು ಹಿಡಿದದ್ದು ನಿಜ, ಅದನ್ನು ನುಂಗಿದವನು ನಾನೇ’ ಎಂದು ತಾವು ಒಂದು ಕಪ್ಪೆಚಿಪ್ಪಿನ ಮೇಲೆ ತುಟಿಯೊತ್ತಿ ದೃಢೀಕರಣ ಪತ್ರ ದಯಪಾಲಿಸಬೇಕು. ನುಂಗಿದ ಮಣ್ಣು ಇನ್ನೂ ಹೊಟ್ಟೆಯಲ್ಲಿದ್ದರೆ ಗಾಳಿಸಿ, ಚಿಪ್ಪು ತೆಗೆದು, ಅನಿತಳ ಕೈಗೆ ಒಪ್ಪಿಸಬೇಕು. ಇವೆರಡೂ ಆಗದಿದ್ದರೆ ಖುದ್ದಾಗಿ ಹೋಳೂರಿಗೆ ಬಂದು ಬಾವಿಕಟ್ಟೆಯಲ್ಲಿ ಸಾಕ್ಷಿ ನುಡಿಯಬೇಕು. ಪ್ರಯಾಣದ ಚಿಂತೆ ಬೇಡ, ಟೊಮೆಟೊ ಸಾಗಿಸುವ ಟೆಂಪೋದಲ್ಲಿ ಟಾರ್ಪಾಲು ಹಾಸಿ ನೀರು ತುಂಬಿಸುತ್ತೇನೆ, ಉಪ್ಪು ತಮ್ಮ ರುಚಿಗೆ ತಕ್ಕಷ್ಟು. ಹಲ್ಲು ತಿಕ್ಕುವ ಆ ನೀಲಿ ಹುಡುಗನಿಗೂ ಮುಂದಿನ ಸೀಟಿನಲ್ಲಿ ಒಂದು ಬಾಟಲಿಯ ಜಾಗವಿದೆ.

ಕೈ ತಮ್ಮ ಬಾಯಲ್ಲಿದ್ದಾಗಲೂ ತಮ್ಮ ಮೇಲಿನ ಗೌರವ ಬಿಡದ,
ತಮ್ಮ ವಿಶ್ವಾಸಿ,
ಮುನಿರಾಮಪ್ಪ
ವಕ್ಕಲೇರಿ

ತಾ.ಕ.: ನಿನ್ನೆ ಅನಿತ ಫೋನು ಮಾಡಿದ್ದಳು. ಇನ್ನು ಮುಂದೆ ಅಲ್ಲಿ ಕಾಯಂ ಆಗಲು ಬಂದ ಪ್ರತಿಯೊಬ್ಬರೂ ನನ್ನನ್ನು ಹಡಗಿನವರೆಗೆ ಇಳಿಸಿ ಮೇಲೆ ತಂದು ತೋರಿಸಬೇಕೆಂದು ವೆಂಕಟ್ ಅವರು ನಿಯಮವನ್ನೇ ಮಾಡಿದ್ದಾರಂತೆ. ಹೋಗಿಬರುವ ಬಸ್ಸು, ಊಟ ಎಲ್ಲವೂ ಅವರದೇ. "ಮಾವ, ನೀವು ಏನೂ ಕಷ್ಟಪಡ್ಬೇಡಿ, ಹೇಗಿದ್ದೀರೋ ಹಾಗೇ ಇದ್ರೆ ಸಾಕು, ಹಿಂದೆ ನಾನಿರ್ತೀನಿ," ಎಂದಳು. ಇಂಥ ಹುದ್ದೆ ಇಡೀ ಕೋಲಾರ ಜಿಲ್ಲೆಯಲ್ಲಿ ಇನ್ನೊಬ್ಬನಿಗೆ ಸಿಕ್ಕಿದ್ದರೆ ತಿಳಿಸಿ. ಆಷಾಢ ಕಳೆದ ಮೇಲೆ ಅಧಿಕಾರ ವಹಿಸಿಕೊಳ್ಳುತ್ತೇನೆ. ಇನ್ನು ನಾವಿಬ್ಬರೂ ಒಂದೇ ಕಚೇರಿಯವರಾದ್ದರಿಂದ, ಸಹೋದ್ಯೋಗಿಯನ್ನು ಕಚ್ಚುವ ಮೊದಲು ಕನಿಷ್ಠ ಬಾಯಿ ತೊಳೆದುಕೊಂಡು ಬರುವುದು.